ನೀರು ಮಾರುವವಳ ಬಾಯಾರಿಕೆ

ಝಳಕಿಯಲ್ಲಿ ಇರುವೆ ಸೀನಿದರೆ ದೇವಣಗಾಂವದಲ್ಲಿ ಕೂತು ಕೇಳಿಸಿಕೊಳ್ಳುವ ಕಿವಿ ನನ್ನದು. ದವಾಖಾನೆಯಲ್ಲಿ ನನ್ನ ಬೆಂಚಿನ ಮೇಲೇ ಕೂತವರ ಮಾತು ತಪ್ಪಿಸಿಕೊಂಡೀತೇ? ಒಬ್ಬಳು ಬಜಾರದಲ್ಲಿ ನೀರಿನ ಬಾಟಲಿ ಮಾರುವ ಸುಲ್ತಾನಾ, ಇನ್ನೊಬ್ಬಳು ಅವಳ ಪಕ್ಕದ ಬಳೆ ಅಂಗಡಿಯ ಕಸ್ತೂರೆವ್ವ.

“ಕಿಡ್ನ್ಯಾಗ ಕಲ್ಲ ಆಗ್ಯಾವಂತ, ಅಕ್ಕಾ. ನೀರ ಕುಡಿ ಅಂದ್ರು ಡಾಕ್ಟರ್.”

“ದಿನಾ ನೂರ ಬಾಟ್ಲಿ ಮಾರ್ತಿ. ಒಂದ ಕುಡಿಯಾಕ ಏನ ಧಾಡಿ ನಿನಗ?”

“ಕುಡದ್ರ ಬಜಾರದ ಸಂಡಾಸಕ್ಕ ಹೋಗಬೇಕಲ್ಲ! ಥೂ, ಹುಳ ಹರಿದಾಡ್ತಾವ. ನೆನಸಿದ್ರ ವಾಂತಿ ಬರ್ತೈತಿ.”

“ಅಂಗಡಿ ಹಿಂದಿನ ಓಣ್ಯಾಗ ನನ್ನ ಮನಿ ಐತಲ್ಲ?”

“ಗಿರಾಕಿ ಬಂದ್ರ?”

“ಬಾಟ್ಲಿ ನಾ ಕೊಡ್ತೇನಿ. ನಿನ್ನ ಉಚ್ಚಿ ಹೊಯ್ಯಾಕ ನನಗ ಬರಂಗಿಲ್ಲ.”

ಸುಲ್ತಾನಾ ಚೀಲದಿಂದ ಬಾಟಲಿ ತೆಗೆದು, ಭೀಮಾ ಹೊಳೆಯೇ ಬತ್ತುವಂತೆ ಗಟಗಟ ಕುಡಿದಳು.

“ಮನಿ ಕೀಲಿಕೈ ಕೊಡ, ಅಕ್ಕಾ. ಲಗೂನ!”

ಒಬ್ಬಳು ಕೀಲಿಕೈ ಹಿಡಿದು ಮನೆಗೆ, ಇನ್ನೊಬ್ಬಳು ಬಾಟಲಿ ಮಾರಲು ಬಜಾರಕ್ಕೆ, ಇಬ್ಬರೂ ಓಡಿದರು.