ಹೊಸ ಪೈಪಿನ ನೀರು

ನಾನು ನಲ್ಲಿಕಟ್ಟೆಯ ಪಕ್ಕದಲ್ಲಿ ಬಕೆಟ್ ತಿಕ್ಕುತ್ತಿದ್ದೆ. ನೀರು ಮಾರುವ ನಮುಚಾನಾ ತಟ್ಟನೆ ನಲ್ಲಿ ನಿಲ್ಲಿಸಿದಳು. ಮುಂದೆ ಪುಟ್ಟ ಲುಕುಂಡೊಳ ಜೊತೆ ನಿಂತಿದ್ದ ಅವಳ ಅಮ್ಮನ ಅರ್ಧ ತುಂಬಿದ್ದ ಕ್ಯಾನಿನ ಬಾಯಿಗೆ ಮೂಗಿಟ್ಟು ಮೂಸಿದಳು.

"ಏನೇ ಇದು, ಈ ಪಾಟಿ ಘಾಟು?"

"ನಿನ್ನೆ ದೊಡ್ಡ ರಸ್ತೇಲಿ ಹೊಸ ಪೈಪಿಂದ ಬಿಟ್ಟಿ ನೀರು ಹರೀತಿತ್ತು ಅಕ್ಕಾ. ಕನ್ನಡಿ ಥರ ಇತ್ತು, ತುಂಬ್ಕೊಂಡೆ."

"ನದಿ ಹತ್ರ ಕಟ್ಟಿದಾರಲ್ಲ, ನೀರು ಶುದ್ಧ ಮಾಡೋ ಘಟಕ, ಅಲ್ಲಿಂದ ಬರೋ ಪೈಪಾ? ಅಯ್ಯೋ ದೇವ್ರೇ! ಅದು ಪೈಪ್ ತೊಳೆಯೋಕೆ ಬಿಟ್ಟ ಔಷಧಿ ನೀರು. ಕುಡೀಬೇಡಿ ಅಂತ ಮೈಕಲ್ಲಿ ಕೂಗಿದ್ರಲ್ಲ!"

"ನಾನು ಸಾವಿನ ಮನೇಲಿದ್ದೆ."

"ಮೂಗನ್ನೂ ಅಲ್ಲೇ ಬಿಟ್ಟು ಬಂದ್ಯಾ?"

"ಕಾಲರಾ ಬಂದಾಗ ನೀನೇ ತಾನೇ ನಮಗೆ ಕ್ಲೋರಿನ್ ಹಾಕಿ ಕೊಟ್ಟಿದ್ದು. ಘಾಟಿದ್ರೆ ಒಳ್ಳೇ ನೀರು ಅಂದ್ಕೊಂಡೆ."

"ಆಗ ಹಾಕಿದ್ದು ಹನಿ ಲೆಕ್ಕ. ಇದ್ರಲ್ಲಿ ಎಷ್ಟು ಸುರಿದಿರ್ತಾರೋ! ಕುಡಿದ್ರಾ?"

ಲುಕುಂಡೊ ಅಮ್ಮನ ಕೈ ಜಗ್ಗಿದಳು. ಅಮ್ಮ ಅವಳತ್ತ ನೋಡಲಿಲ್ಲ.

"ನಮಗೆ ಬಾಯಿಗಿಡಕ್ಕಾಗ್ಲಿಲ್ಲ. ಪಾತ್ರೆ ತೊಳೆದೆ ಅಷ್ಟೆ."

"ಸದ್ಯ, ಬದುಕಿದ್ರಿ. ಚೆಲ್ಲು ಅದನ್ನ. ಮಕ್ಕಳ ಕರುಳು ಸುಟ್ಟು ಹೋಗತ್ತೆ."

ಲುಕುಂಡೊಳ ಅಮ್ಮ ಒಂದು ಕೈಯಲ್ಲಿ ಕ್ಯಾನ್ ಬಗ್ಗಿಸಿದಳು. ನೀರು ನನ್ನ ಕಾಲಿನ ಮೇಲೂ ಚೆಲ್ಲಿತು. ಇನ್ನೊಂದು ಕೈ ಬೆನ್ನಿಗೆ ಕಟ್ಟಿಕೊಂಡಿದ್ದ ಕೂಸನ್ನು ತಡಕುತ್ತಿತ್ತು.

ಲುಕುಂಡೊ ಮತ್ತೆ ಜಗ್ಗಿದಳು.

"ಸುಮ್ನಿರು ಮಗಳೇ."

"ಅಮ್ಮಾ, ಬೆಳಿಗ್ಗೆ ಪಾಪುಗೆ ಗಂಜಿ ಕಾಯಿಸಿದ್ದು ಇದೇ ನೀರಲ್ಲಿ ಅಲ್ವಾ?"