ಮೂವತ್ತು ಕುರಿ ವಜನ

ಇಲ್ಲಪಾ, ಚಾ ಬ್ಯಾಡ. ಕುಂದ್ರಾಕ ಬಂದಿಲ್ಲ ನಾ. ಹೆಂಡತಿ ಹಾಲವ್ವ ಮಿರಜ್ ದವಾಖಾನ್ಯಾಗ, ನಿನ್ನ ಬಲಗೈ ಜೋಳಿಗ್ಯಾಗ... ಎಡಗೈಲೆ ಒಲಿ ಹಚ್ಚಿ ನನಗ ಚಾ ಕಾಸ್ತಿ? ಬಿಡೋ ಭರಮಾ, ಆ ಚರಗಿ ಕೆಳಗಿಡು! ಅಲ್ಲಿ ಬೀರದೇವರ ಗುಡಿ ಮುಂದ ಮಂದಿ ಕೂಡಾಕ ಹತ್ಯಾರ. ನಿನ್ನ ಹೆಂಡತಿ ಅಣ್ಣ, ಆ ಅಮೋಗಸಿದ್ದ, ಯಳವಿ ಊರಿಂದ ನಾಕು ಮಂದೀನ ಕಟಗೊಂಡು ಬಂದಾನ. ಬೇವಿನ ಗಿಡದ ಬುಡಕ ಕುಂತು ಮೀಸಿ ತಿರುವಾಕ ಹತ್ಯಾನ. ಈಗ ಅವನ ಮುಂದಿಂದನ ಹಾದು ಬಂದ್ನಿ. "ಏನ್ರಿ ಸೋಮನಿಂಗಪ್ಪ ಮಿಸ್ತ್ರಿ, ಗಾಡಿ ಮ್ಯಾಲ ಮನಿ ಕಟ್ಟಾವ್ರು, ಆರಾಮ?" ಅಂದ. ಆರಾಮ ಅಂದ್ನಿ. ಮತ್ತೇನನ್ನಲಿ?

ಯಾಕ ಹಂಗ ನೋಡ್ತಿ? ...ಬೆವರಾ? ಜತ್ತದಿಂದ ಸೈಕಲ್ ತುಳಕೊಂಡು ಬಂದೀನಲ್ಲೋ, ಬಿಸಲಾಗ. ಬೆವರು ಬರದ ಏನ್ ಬರ್ತೈತಿ?

ಒಂದ ಮಾತು ಕೇಳ್ತೀನಿ, ಕೇಳಿ ಹೋಗ್ತೀನಿ. ಗುಡಿ ಮುಂದ ದೇವರ ಭಂಡಾರದ ಅರಿಶಿಣ ಮುಟ್ಟಿ ಆಣಿ ಮಾಡಿ ಏನ್ ಹೇಳ್ತಿ ನೀ? ...ಹೇಳೋ! ಅವರು ಕೇಳೂದು ಗೊತ್ತೈತಲ್ಲ. ಗಾಡಿ ಯಾಕ ಮಗಚಿತು, ಕುಡಿದಿದ್ಯಾ, ನಿದ್ದಿ ಹತ್ತಿತ್ತಾ, ಇಷ್ಟ. ತಪ್ಪು ನಂದು ಅಂತ ನಿನ್ನ ಬಾಯಿಂದ ಬಂತೋ, ಹಾಲವ್ವನ್ನ ದವಾಖಾನಿಯಿಂದ ಸೀದಾ ಯಳವಿಗಿ ಕರಕೊಂಡು ಹೋಗ್ತಾರ. ಮುಗೀತು. ನಮ್ಮ ಹೆಣ್ಣಿನ ಸೊಂಟಾ ಮುರದಾಂವಗ ಹೆಣ್ಣು ತಿರುಗಿ ಕಳಸಂಗಿಲ್ಲ ಅಂತ ಅಮೋಗಸಿದ್ದ ಸಂತ್ಯಾಗ ಎಲ್ಲಾರ ಮುಂದ ಹೇಳ್ಯಾನ. ಹದಿನೆಂಟು ವರ್ಷದ ಸಂಸಾರ, ಭರಮಾ. ಒಂದ ಮಾತಿನ್ಯಾಗ ಹೋಗ್ತೈತಿ.

ಅದಕ್ಕ ಹೇಳಾಕ ಬಂದೀನಿ. ರಸ್ತೆ ಸರಿ ಇರಲಿಲ್ಲ ಅನ್ನು. ಮುಚ್ಚಂಡಿ ಊರ ಇಳಿಜಾರು ಮಳಿಗಿ ಕೊರದಿತ್ತು, ಗಾಲಿ ತಗ್ಗಿನ್ಯಾಗ ಬಿತ್ತು ಅನ್ನು... ಯಾಕ ನಗ್ತಿ? ನಗೂವಂಥಾದ್ದು ಏನೈತಿ ಇದರಾಗ? ಆತು, ರಸ್ತೆ ಬ್ಯಾಡ. ಕುರಿ ಅಡ್ಡ ಬಂತು, ಉಳಸಾಕ ಹೋದ್ನಿ ಅನ್ನು. ...ಹಾಂ, ಗೊತ್ತಪಾ, ಗೊತ್ತು. ಕುರಿ ಕಾಯೋ ಮಂದಿ ಕುರಿ ಮ್ಯಾಲ ಸುಳ್ಳು ಹೇಳಂಗಿಲ್ಲ. ದೊಡ್ಡ ಸತ್ಯವಂತ ನೀ!

ಸಿಟ್ಟಿಲ್ಲೋ. ಸಿಟ್ಟ್ಯಾಕ ಬರಲಿ ನನಗ? ನಾ ಅಡ್ಡಾಡಿದ್ರ ಅಡ್ಡಾಡ್ತೀನಿ ಬಿಡು, ಕುಂತ್ರ ನೆಲ ಚುಚ್ಚತೈತಿ.

ನೋಡು, ನನ್ನ ಲೆಕ್ಕಂತೂ ತಪ್ಪಿಲ್ಲ. ತಪ್ಪೈತೇನು? ನೀನ ಬಂದಿದ್ದಿ ನನ್ನ ಅಂಗಳಕ್ಕ. "ಸೋಮಣ್ಣಾ, ಕಂಬಳಿ ಉಣ್ಣಿ ಕೊಳ್ಳಾಕ ಹಟ್ಟಿ ಹಟ್ಟಿ ತಿರುಗತೀನಿ, ಆರ ತಿಂಗಳ ಬೈಲಾಗ ಬೀಳ್ತೀನಿ, ಹಾಲವ್ವ ಒಬ್ಬಾಕೀನ ಇರ್ತಾಳ. ಪಿಕಪ್ಪಿನ ಮ್ಯಾಲ ಒಂದು ಕಟಿಗಿ ಮನಿ ಕಟ್ಟಿಕೊಡು, ಆಕೀನೂ ಜೋಡಿ ಬರಲಿ" ಅಂದಿ. ಎಷ್ಟು ವಜನ ತಡೀತೈತಿ ನಿನ್ನ ಪಿಕಪ್ಪು ಅಂತ ಕೇಳಿದ್ನಿ. ಮಿಲಿಟರಿ ಹರಾಜಿನ್ಯಾಗ ತಂದಿದ್ದು, ಕಾಗದ ಇಲ್ಲ, ಪತ್ರ ಇಲ್ಲ. ಮೂವತ್ತು ಕುರಿ ತುಂಬಿದ್ರ ಮಿಸಕಂಗಿಲ್ಲ, ಮೂವತ್ತೈದಕ್ಕ ಹಿಂದ ಕುಂಡಿ ಊರತೈತಿ, ಅಂದಿ. ಆತು! ಮೂವತ್ತು ಕುರಿ, ಕುರಿಗಿ ಇಪ್ಪತ್ತೈದು ಕಿಲೋ, ಏಳೂವರಿ ಕ್ವಿಂಟಲ್. ಶೇಂಗಾ ಅಡತಿ ಅಂಗಡಿ ತಕ್ಕಡಿಮ್ಯಾಲ ಒಂದೊಂದು ಹಲಗಿ ತೂಗಿಸಿದ್ನಿ, ನೀನೂ ಇದ್ದಿ. ಐದು ಕ್ವಿಂಟಲ್, ಮ್ಯಾಲ ನಾಕು ಕಿಲೋ. ಉಳದದ್ದು ನೀವಿಬ್ಬರು, ಹಾಸಿಗಿ, ಒಲಿ, ನೀರಿನ ಡ್ರಮ್ಮು. ಬರೋಬ್ಬರಿ!

ಡ್ರಮ್ಮು ಗಂಟಲ್ಮಟ ತುಂಬ್ಸಿದ್ದಿ, ಹೌದಲ್ಲೋ? ...ಅರ್ಧಾ? ಅರ್ಧನ ಇತ್ತಾ? ಹಂಗಾದ್ರ ಉಣ್ಣಿ ಹೇರಿದ್ದಿ. ...ಒಂದು ಗಂಟೂ ಇಲ್ಲ. ಹೂಂ. ಇನ್ನೂ ಹೋಗಾಕ ಹತ್ತಿದ್ದಿ, ಖರೆ, ಖಾಲಿ ಹೋಗಾಕ ಹತ್ತಿದ್ದಿ.

ಹಂಗಾದ್ರ ಆ ಹೊಸ್ತಿಲ! ಆ ಹೊಸ್ತಿಲ ಕೇಳಿದಾಕಿ ಯಾರು? ನಾ ಏನು ಬೇಕಂತ ಮಾಡಿದ್ನೇನು? ಪಟ್ಟಿ ಬಡದು ಹಗುರ ಬಾಗಲಾ ಕೂಡಸ್ತೀನಿ ಅಂದಿದ್ನಿ. ಹಾಲವ್ವನ ಬಂದು, "ಸೋಮಣ್ಣಾ, ಹೊಸ್ತಿಲ ಇಲ್ಲಾಂದ್ರ ಅದು ಡಬ್ಬಿ, ಮನಿ ಅಲ್ಲ. ಮುಂಜಾನೆದ್ದು ಅರಿಶಿಣ ಎಲ್ಲಿ ಹಚ್ಚಲಿ ನಾ?" ಅಂದ್ಲು. ತಂಗಿ ಕೇಳ್ತಾಳ, ಇಲ್ಲ ಹೆಂಗನ್ನಲಿ? ಒಂದ ಒಡಲಿಂದ ಬರಲಿಲ್ಲ ಖರೆ, ಪಂಚಮಿ ಬಂದ್ರ ಉಂಡಿ ಕಟಗೊಂಡು ಮೊದಲ ನನ್ನ ಮನಿಗಿ ಬರಾಕಿ ಆಕಿ. ಮಾಡಿದ್ನಿ. ಜಾಲಿ ಕಟಿಗಿ ಹೊಸ್ತಿಲ, ಜಾಲಿ ಚೌಕಟ್ಟು, ಮ್ಯಾಲ ಹೂವು, ಎರಡೂ ಕಡಿ ಗಿಣಿ ಕೆತ್ತಿದ್ನಿ. ಜತ್ತದಾಗ ಅರಸರ ವಾಡೆಕ್ಕೂ ಅಂಥಾ ಬಾಗಲಿಲ್ಲ! ತೂಗಿಸಿದ ಮ್ಯಾಲ ಮಾಡಿದ್ದು ಅದು. ತೂಕಕ್ಕ ಹಚ್ಚಿಲ್ಲ. ಒಂದೂವರಿ ಕ್ವಿಂಟಲ್ ಆದೀತು... ಎರಡೂ ಆದೀತು. ಅದೂ ತೀರಾ ಹಿಂದ, ಹಿಂದಿನ ಗಾಲಿಗಿಂತ ಹಿಂದ.

ಆಕಿ ಮ್ಯಾಲ ಹಾಕಾಕ ಹತ್ತಿಲ್ಲೋ! ಹಂಗ ಕಣ್ಣು ತಗೀಬ್ಯಾಡ. ಆ ಚೌಕಟ್ಟಿನ ಕೆಳಗ ಸಿಕ್ಕು ಮಲಗ್ಯಾಳ ಆಕಿ, ಆಕಿ ಮ್ಯಾಲ ಹಾಕಿದ್ರ ನನ್ನ ಬಾಯಿಗಿ ಹುಳಾ ಬೀಳ್ಲಿ. ಇನ್ನ ನಡೀತಾಳೋ ಇಲ್ಲೋ, ಡಾಕ್ಟರ್ ಏನಂದ? ...ಏನೂ ಅಂದಿಲ್ಲ. ಹೂಂ.

ನೀನಾದ್ರೂ ನೋಡಬೇಕಾಗಿತ್ತಲ್ಲ! ಹೆಚ್ಚಾದ್ರ ಹಿಂದ ಊರತೈತಿ ಅಂತ ನೀನ ಹೇಳಾಂವ. ದಿನಾ ಮುಂಜಾನೆ ಬಗ್ಗಿ ನೋಡತಿದ್ದಿ, ನಾ ಕಂಡೀನಿ. ಗುಡ್ಡಾಪುರಕ್ಕ ಹೋಗಿ ಬಂದ ಮ್ಯಾಲೂ ನನ್ನ ಮುಂದನ ನೋಡಿದಿ. "ಗಾಡಿ ಹಿಂದ ಎರಡು ಬಟ್ಟೂ ಊರಿಲ್ಲ ಸೋಮಣ್ಣಾ, ನಿನ್ನ ಕೈಗಿ ಬಂಗಾರದ ಕಡಾ ಹಾಕಬೇಕು" ಅಂದಿ. ಅಂದಿಲ್ಲಾ? ನಾ ಏನಂದ್ನಿ ಆವಾಗ... ನಕ್ಕಿರಬೇಕು.

ಎಲ್ಲಿ ಹೊಂಟಿ? ಕಂಬಳಿ ಯಾಕ ಹೊದಿತಿ ಈಗ? ತಡಿ, ಇನ್ನೂ ಹೊತ್ತು ನೆತ್ತಿಗಿ ಬಂದಿಲ್ಲ, ಅವರ ಕರಿಯಾಕ ಬರ್ತಾರ. ತಡಿಯೋ, ಕೈ ಮುಗೀತೀನಿ. ನಿದ್ದಿ ಹತ್ತಿತ್ತು ಅಂತ ಹೇಳ್ತಿ, ಹೌದಲ್ಲ? ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ. ಹಗಲ ಹನ್ನೊಂದಕ್ಕ ಇಳಿಜಾರಿನ್ಯಾಗ ಯಾಂವಗ ನಿದ್ದಿ ಹತ್ತತೈತೋ? ಭಂಡಾರ ಮುಟ್ಟಿ ಸುಳ್ಳು ಹೇಳಿದ್ರ ವಂಶ ಉಳಿಯಂಗಿಲ್ಲ ಅಂತ ನಿಮ್ಮ ಮಂದೀನ ಅಂತೀರಿ. ಯಾಕ ಹೇಳ್ತಿ ಹಂಗ? ಯಾರ ಸಲುವಾಗಿ?

ನಾ ಮರುದಿವಸ ಅಲ್ಲಿಗಿ ಹೋಗಿದ್ನಿ, ಗೊತ್ತೇನು? ಯಾರಿಗೂ ಹೇಳಿಲ್ಲ. ಗಾಡಿ ಹಳ್ಳದಾಗ ಗಾಲಿ ಮ್ಯಾಲ ಮಾಡಿ ಬಿದ್ದಿತ್ತು. ಗಾಡಿ ಕೆಳಗೆಲ್ಲಾ ಹುಡಕಿದ್ನಿ. ಕಲ್ಲು ಎತ್ತಿ ನೋಡಿದ್ನಿ, ಮುಳ್ಳ ಕಂಟ್ಯಾಗ ಕೈ ಹಾಕಿ ನೋಡಿದ್ನಿ. ಸಿಗಲಿಲ್ಲ. ಹೊತ್ತು ಮುಳುಗೂಮಟ ಹುಡಕಿದ್ನಿ, ಎಲ್ಲೂ ಸಿಗಲಿಲ್ಲ...

...ಏನು ಅಂತ ಕೇಳವಲ್ಲಿ ನೀ.

ಏನ್ ಹುಡಕಾಕ ಹೋಗಿದ್ದಿ ಅಂತ ಕೇಳಬೇಕಲ್ಲೋ! ಯಾಂವ ಇದ್ರೂ ಕೇಳತಿದ್ದ. ಭರಮಾ? ನನ್ನ ಕಡಿ ನೋಡು. ಕೇಳು ನನ್ನ, ಏನ್ ಹುಡಕಿದಿ ಅಂತ ಕೇಳು!

ಅಯ್ಯೋ ಶಿವನ... ಗೊತ್ತೈತಿ ನಿನಗ. ಬಸ್ ಬರೂಮಟ ಮೂರು ತಾಸು ಅಲ್ಲೇ ಕುಂತಿದ್ದಿ. ಹಾಲವ್ವನ ತೆಲಿ ತೊಡಿಮ್ಯಾಲ ಇಟಗೊಂಡು, ಎದುರಿಗಿ ಗಾಡಿ ಹೊಟ್ಟಿ ಮ್ಯಾಲ ಮಾಡಿ... ಎರಡೂ ಕಟಿಗಿ ತುಂಡು ಕಂಡಿದ್ದಾವು. ನೀನ ಕಿತ್ತಿ. ಮುರದ ಕೈಲೆ ಕಿತ್ತಿ ಒಗದಿ, ಪಂಚನಾಮೆ ಮಾಡೂ ಪೊಲೀಸರು ಬರೂದರಾಗ. ಇಷ್ಟು ದಿವಸ ನಾ ದಿನಾ ಬಂದು ರಸ್ತೆ ಬೈದ್ನಿ, ಬ್ರೇಕ್ ಬೈದ್ನಿ, ನೀ ಕೇಳಕೋತ ಕುಂತಿ.

ಹೌದು, ನಾನ ಇಟ್ಟಿದ್ದು. ಮನಿ ಗಾಡಿಮ್ಯಾಲ ಕೂಡಿಸಿದ ದಿವಸ ಹಿಂದ ನಾಕು ಬಟ್ಟು ಊರಿತು. ನಾಕು ಬಟ್ಟು! ನೀ ಮಂದೀನ ಕರಿಯಾಕ ಹೋಗಿದ್ದಿ. ಕಾಯಿ ತಂದಿಟ್ಟಿದ್ರು, ಅರ್ಧ ಜತ್ತ ನನ್ನ ಅಂಗಳದಾಗ ನಿಂತಿತ್ತು. ಸೋಮನಿಂಗ ಗಾಡಿಮ್ಯಾಲ ಮನಿ ಕಟ್ಟ್ಯಾನ, ನೋಡ್ರಿ ಅಂತ. ಎಲ್ಲಾರ ಮುಂದ ಆ ಬಾಗಲಾ ಬಿಚ್ಚಲೇನು? ಲೆಕ್ಕ ತಪ್ಪಿತು ಅನ್ನಲೇನು? ಕೆಳಗ ಹೊಕ್ಕು ಗಾಡಿ ಭಾರ ಹೊರೂ ಪಾಟಾ ಸ್ಪ್ರಿಂಗಿನ ಮ್ಯಾಲ ಎರಡು ಜಾಲಿ ತುಂಡು ಬಡದ್ನಿ. ಗಾಡಿ ಸಟ್ಟಂತ ಎದ್ದು ನಿಂತಿತು. ಎದ್ದು ನಿಂತ್ರ ಬಲ ಬಂತೇನು? ವಜನ ಅಷ್ಟ ಇತ್ತು, ನಿನ್ನ ಕಣ್ಣು ಅಷ್ಟ ಕಟ್ಟಿದ್ನಿ ನಾ. ತಿರುವಿನ್ಯಾಗ ಕುರಿ ಆದ್ರ ತಾವ ಕಾಲೂರಿ ನಿಲ್ತಾವ. ಮನಿಗಿ ಎಲ್ಲಿ ಕಾಲು? ಗೊತ್ತಿತ್ತೋ ನನಗ. ಪ್ರತಿ ಸಲ ನೀ ಹೊಂಟಾಗ ದಾರಿ ಕಾಯ್ಕೋತ ಕುಂದ್ರತಿದ್ನಿ, ತಿರುಗಿ ಬಂದಿ ಅಂದ್ರ ಉಸರು ಬಿಡತಿದ್ನಿ. ನಾಳೆ ಹೇಳ್ತೀನಿ, ನಾಡದು ಹೇಳ್ತೀನಿ...

ಹಾಲವ್ವಗ ಹೇಳೀಯೇನು? ...ಹೇಳಿಲ್ಲ. ನನಗ ಅಣ್ಣ ಅಂತಾಳ ಅಂತನ ಹೇಳಿಲ್ಲ. ಹೆಂಡತಿ ಹೋದ್ರ ಹೋಗ್ಲಿ, ಆಕಿಗಿ ಅಣ್ಣ ಉಳೀಲಿ ಅಂತ ಕುಂತೀ. ಹುಚ್ಚದೀಯೇನೋ ನೀ? ಯಾಂವ ಹೇಳಿದ್ದು ನಿನಗ ಹಂಗ ಮಾಡಂತ? ಬೈಯೋ ನನ್ನ! ಒಂದು ಹೊಡಿ, ಆ ಎಡಗೈಲೆ ಹೊಡಿ! ...ಕಣ್ಣೊರಸಬ್ಯಾಡ ನಂದು, ಬಿಡು.

ಕೇಳ್ತೇನು, ಕರಿಯಾಕ ಹತ್ಯಾರ. ಬಂದ್ವಿ! ಬಂದ್ವೀ ಅಮೋಗಸಿದ್ದಾ!

ನಡಿ. ಹೊಡದ್ರ ಹೊಡೀಲಿ, ಅಂಗಡಿಗಿ ಬೆಂಕಿ ಇಟ್ರ ಇಡ್ಲಿ. ಮಿರಜಕ್ಕೂ ನಾನ ಹೋಗ್ತೀನಿ, ಆಕಿ ಮುಂದ ನಾನ ಹೇಳ್ತೀನಿ. ಹಿಡಿ ನನ್ನ ಹೆಗಲಾ, ಸಾವಕಾಶ ಇಳಿ. ಮತ್ತ ನೋಡು, ಅಲ್ಲಿ ಹೋದ ಮ್ಯಾಲ ನೀ ಭಂಡಾರ ಮುಟ್ಟಬ್ಯಾಡ. ಹನ್ನೆರಡು ದಿವಸ ಸುಮ್ಮ ಕುಂತೀ, ಇನ್ನೊಂದು ಗಳಿಗಿ ಸುಮ್ಮಕಿರು. ನಾ ಮಾತಾಡ್ತೀನಿ.