ಹೊಗಳಿದವರೇ ಹಚ್ಚಬೇಕು

ಲಿಪಾ ಪೇಟೆಗೆ ಹೋಗುವ ಜೀಪ್ನಿ ಎಂಬ ಸಣ್ಣ ಬಸ್ಸಿನಲ್ಲಿ ಪೆರ್ಲಾಳ ಎದುರಿಗೆ ಅತ್ತೆ ಸೊಸೆ ಕೂತಿದ್ದರು. ನಡುವೆ ಮಂಡಿಯೂರಿದ್ದ ಪುಟ್ಟ ಹುಡುಗಿ ಹೊರಗಿನ ಅಂಗಡಿ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು.

"ಮಾತಾಲಿನೊ! ಎಷ್ಟು ಜಾಣೆ!" ಪೆರ್ಲಾ ತಡೆಯಲಾರದೆ ಅಂದಳು.

"ಪ್ವೆರಾ ಉಸೋಗ್ ಅಂತ ಹೇಳಮ್ಮ, ಇಲ್ಲಾಂದ್ರೆ ಮಗೂಗೆ ದೃಷ್ಟಿಯಾಗುತ್ತೆ," ಎಂದಳು ಅತ್ತೆ.

ಪೆರ್ಲಾ ಹಾಗೆಂದು, ಹೆಬ್ಬೆರಳಿಗೆ ಉಗುಳು ತಾಗಿಸಿ ಮಗುವಿನ ಹಣೆಗೆ ಒತ್ತಿದಳು. ಹೊಗಳಿದವರೇ ಹಚ್ಚಬೇಕಲ್ಲ. "ಯಾರನ್ನ ಹೋಲ್ತಾಳೆ?"

"ಅವರಪ್ಪನ್ನ," ಸೊಸೆ ಬಾಯಿಪಾಠದಂತೆ ಹೇಳಿದಳು. "ಅವರ ಮನೇಲಿ ಎಲ್ಲರೂ ಓದಿದೋರು. ನಮ್ಮ ಕಡೆ ಬರೀ ಮೀನು ಮಾರೋರು. ಅಲ್ವಾ ಅತ್ತೆ?"

"ಯಾರು ಹೇಳಿದ್ದು?"

"ಮದುವೆಯಾದಾಗಿಂದ ನೀವೇ ಹೇಳ್ತಿರೋದು."

"ಹೇಳ್ತಿದ್ದೆ. ನನ್ನ ಮಗ ಮೂರನೇ ಕ್ಲಾಸಲ್ಲೂ ತನ್ನ ಹೆಸರನ್ನೇ ತಪ್ಪು ಬರೀತಿದ್ದ, ಅದನ್ನ ಹೇಳ್ತಿರಲಿಲ್ಲ."

"ಅತ್ತೆ, ಜನ ಕೇಳಿಸ್ಕೋತಾರೆ."

"ಕೇಳಿಸ್ಕೊಳ್ಳಲಿ ಬಿಡು. ಮೀನು ಸುತ್ತೋ ಪೇಪರ್ ಹರಡ್ಕೊಂಡು ಇವಳಿಗೆ ಅಕ್ಷರ ಕಲಿಸಿದ್ದು ಯಾರು? ನನ್ನ ಮಗನಾ?"

"ಸುಮ್ನೆ ಕೂತಿದ್ದಾಗ ತೋರಿಸ್ತಿದ್ದೆ, ಅಷ್ಟೇ."

"ಇವಳು ನಿನ್ನನ್ನೇ ಹೋಲ್ತಾಳೆ ಕಣೇ. ನೀನು ಜಾಣೆ."

ಸೊಸೆ ಮಗಳ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

"ಪಾರಾ! ನಿಲ್ಲಿಸಪ್ಪ!" ಅತ್ತೆ ಕೂಗಿದಳು. ಗಾಡಿ ನಿಂತಿತು. ಇಳಿಯಲು ಎದ್ದವಳು ಏನೋ ನೆನಪಾದಂತೆ ತಿರುಗಿ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಸೊಸೆಯ ಹಣೆಗೆ ಒತ್ತಿದಳು.

"ಪ್ವೆರಾ ಉಸೋಗ್."

ಸೊಸೆ ಅದನ್ನು ಒರೆಸಿಕೊಳ್ಳದೆ, ಮಗಳ ಕೈ ಹಿಡಿದು ಇಳಿದಳು.